ಜರ್ಮನಿಯಿಂದ ಬಂದ ನಮ್ಮ ಮನೆ ಮಗಳು

ನಮ್ಮಪ್ಪ ಐವತ್ತು ದಾಟಿದ ಮೇಲೂ ಅಜ್ಜಂಪುರದ ಯುವಕ ಸಂಘಕ್ಕೆ ಅಧ್ಯಕ್ಷರಾಗಿದ್ದರು. ಆ ಕುರ್ಚಿ ಕೇಳುವ ಧೈರ್ಯ ಯುವಕರಲ್ಲಿ ಯಾರಿಗೂ ಬಂದಿರಲಿಲ್ಲ. ಸಂಘದ ಕೆಲಸವೆಂದರೆ ವರ್ಷಕ್ಕೊಂದು ರಾಜ-ರಾಣಿ ನಾಟಕ. ನಾಟಕದ ಮೇಷ್ಟ್ರು ಹಾರ್ಮೋನಿಯಂ ಇಟ್ಟುಕೊಂಡು ನಮ್ಮ ಪಡಸಾಲೆಯಲ್ಲೇ ತಾಲೀಮು ಮಾಡಿಸುತ್ತಿದ್ದರು. ಒಳಗೆ ಅವರೆಕಾಯಿ ಬಿಡಿಸುತ್ತಾ ಕೂತ ನನಗೆ ರಾಜನ ಮಾತು, ರಾಣಿಯ ಹಾಡು ಎಲ್ಲ ಬಾಯಿಪಾಠ. ಆದರೆ ರಾಣಿಯಾಗುತ್ತಿದ್ದವನು ಬಸ್‌ಸ್ಟ್ಯಾಂಡಿನ ಟೈಲರು. ಅದಕ್ಕಾಗಿ ವರ್ಷಕ್ಕೊಮ್ಮೆ ಮೀಸೆ ಬೋಳಿಸಿಕೊಳ್ಳುತ್ತಿದ್ದ. ಒಂದು ಸಲ ನಾನು ಮಾಡ್ತೀನಿ ಅಂದಿದ್ದಕ್ಕೆ ಅಪ್ಪ, ನಮ್ಮ ಮನೆ ಹೆಣ್ಣುಮಕ್ಕಳು ಬಣ್ಣ ಹಚ್ಚಲ್ಲ ಅಂದುಬಿಟ್ಟರು. ಹಚ್ಚಿದವಳಿಗೆ ಗಂಡು ಸಿಗಲ್ಲ ಅಂತ ಅಮ್ಮ ಸೇರಿಸಿದಳು. ಮೀಸೆ ಬೋಳಿಸಿಕೊಂಡ ಟೈಲರಿಗೆ ಮಾತ್ರ ಹೆಣ್ಣೂ ಸಿಕ್ಕಿತ್ತು, ಮಕ್ಕಳೂ ಆಗಿದ್ದವು.

ಎಂಬತ್ತರ ದಶಕದ ಶುರುವಿನಲ್ಲಿ, ಪಿಯುಸಿ ಮುಗಿಸಿ ನಾನು ಮನೆಯಲ್ಲಿ ಕೂತಿದ್ದಾಗ, ಬೆಂಗಳೂರಿನ ಯಾವುದೋ ಸಂಸ್ಥೆಯವರು ಯುವಜನ ವಿನಿಮಯ ಅಂತ ಜರ್ಮನಿಯ ಹುಡುಗಿಯೊಬ್ಬಳನ್ನು ನಮ್ಮ ಸಂಘಕ್ಕೆ ಕಳಿಸಿದರು. ಮೂರು ತಿಂಗಳು ನಮ್ಮ ಮನೆಯಲ್ಲಿದ್ದು, ನಾಟಕದ ಮೂಲಕ ಅವಳು ಕನ್ನಡ ಕಲಿಯಬೇಕು. ವಿನಿಮಯ ಅಂದಮೇಲೆ ಇಲ್ಲಿಂದಲೂ ಯಾರಾದರೂ ಹೋಗಬೇಕಲ್ಲವೇ ಅಂತ ಕೇಳಿದೆ. ಅದನ್ನು ಆಮೇಲೆ ನೋಡೋಣ ಅಂದರು. ಆ ಆಮೇಲೆ ಇನ್ನೂ ಬಂದಿಲ್ಲ.

ರೈಲಿಳಿದ ಹುಡುಗಿಗೆ ಅಪ್ಪ ಮೊದಲು ಹೇಳಿದ್ದೇ, ನೀನೂ ನಮ್ಮನೆ ಮಗಳೇ ಕಣಮ್ಮಾ ಅಂತ. ಬಂದವರಿಗೆಲ್ಲ, ಇವಳು ನನ್ನ ಮಗಳು ಅಂತ ಅವಳನ್ನೇ ತೋರಿಸುತ್ತಿದ್ದರು. ನನ್ನನ್ನು ಕಾಫಿ ತರಲು ಕಳಿಸುತ್ತಿದ್ದರು. ಸಂಘದವರೆಲ್ಲ ಅವಳ ಮುಂದೆ ತಮ್ಮ ತುಕ್ಕು ಹಿಡಿದ ಇಂಗ್ಲಿಷನ್ನು ತಿಕ್ಕಿ ತಿಕ್ಕಿ ಹೊಳಪು ಮಾಡಿಕೊಂಡರು. ಕನ್ನಡ ಕಲಿಸಲು ಯಾರಿಗೂ ಪುರುಸೊತ್ತಿಲ್ಲ. ಪಾಪ, ಅವಳು ಅಡುಗೆಮನೆಗೆ ಬಂದು ನನ್ನ ಪಕ್ಕ ಕೂತು ಕಲಿತಳು.

ಆ ವರ್ಷದ ರಾಣಿ ಅವಳೇ ಅಂತ ತೀರ್ಮಾನವಾಯಿತು. ಇದ್ದಕ್ಕಿದ್ದ ಹಾಗೆ ಬಣ್ಣ ಹಚ್ಚುವುದು ಸಂಸ್ಕೃತಿಯಾಗಿಬಿಟ್ಟಿತು! ರಾಣಿಯ ಪಾತ್ರದಲ್ಲಿ ವಿದೇಶಿ ಯುವತಿ, ಅದೂ ಅಚ್ಚ ಕನ್ನಡದಲ್ಲಿ ಅಂತ ತರೀಕೆರೆಯಲ್ಲಿ ಕರಪತ್ರ ಅಚ್ಚು ಹಾಕಿಸಿ ಶಿವನಿ, ಅಂತರಘಟ್ಟೆವರೆಗೂ ಹಂಚಿದರು. ಅವಳಿಗೆ ಹಾಡು, ಮಾತು ಬಾಯಿಪಾಠ ಮಾಡಿಸುವ ಕೆಲಸ ನನಗೆ ಬಿತ್ತು. ಹೊಟ್ಟೆ ಉರಿಯಿತು. ಅವಳ ಮೇಲಲ್ಲ. ನೀನು ಯಾಕೆ ಮಾಡಲ್ಲ ಅಂತ ನನ್ನನ್ನು ಕೇಳಿದವಳು ಅವಳೊಬ್ಬಳೇ. ಅಪ್ಪನ್ನೇ ಕೇಳು ಹೋಗು ಅಂದೆ.

ಕೇಳಿಯೇಬಿಟ್ಟಳು. ನಾಟಕದ ದಿನ ಸಂಜೆ ಬಣ್ಣದವನು ಕನ್ನಡಿ ಇಟ್ಟು ಬಣ್ಣ ಕಲಸುತ್ತಿದ್ದಾಗ, ಸಂಘದವರೆಲ್ಲರ ಎದುರಿಗೆ.

"ಅಪ್ಪಾ, ನಾನು ನಿಮ್ ಮಗಳು. ನಾನು ಬಣ್ಣ ಹಚ್ಬೋದು. ಇವ್ಳು ಯಾಕೆ ಹಚ್ಬಾರ್ದು?"

"ಅವ್ಳು ನಿಜವಾದ ಮಗಳು ಕಣಮ್ಮಾ," ಅಂದರು ಅಪ್ಪ.

ಅಂದಮೇಲೆ ನಾಲಿಗೆ ಕಚ್ಚಿಕೊಂಡರು. ಅವಳು, ಹಂಗಾದ್ರೆ ನಾನೂ ಹಚ್ಚಲ್ಲ ಅಂತ ಸ್ಟೂಲಿನಿಂದ ಎದ್ದಳು. ಸಂಘದವರು ಇಂಗ್ಲಿಷಿನಲ್ಲಿ ಗೋಗರೆದರು. ಅವಳು ಕನ್ನಡದಲ್ಲೇ ಒಲ್ಲೆ ಅಂದಳು.

ಹೊರಗೆ ಜನ ಚಾಪೆ ಹಾಸಿಕೊಂಡು ಕೂತಾಗಿತ್ತು. ಕಡೂರಿನಿಂದ ಮುಖ್ಯ ಅತಿಥಿಗಳು ಬಂದಾಗಿತ್ತು. ಪಾತ್ರ ಹೋಯಿತೆಂದು ಮುನಿಸಿಕೊಂಡ ಟೈಲರು ಮೀಸೆ ಸಮೇತ ಬೀರೂರಿಗೆ ಹೋಗಿದ್ದ. ಮನೆಯ ಮರ್ಯಾದೆ ದೊಡ್ಡದೋ, ಕರಪತ್ರದ ಮರ್ಯಾದೆ ದೊಡ್ಡದೋ ಅಂತ ಅಪ್ಪ ಒಂದು ಗಳಿಗೆ ಯೋಚಿಸಿದರು. ಕರಪತ್ರ ಗೆದ್ದಿತು. ನನ್ನ ಕಡೆ ನೋಡದೆ, ಮುಖ ತೊಳ್ಕೊಂಡ್ ಬಾ ಅಂದರು. ಆಟ ಮುಗಿಯುವವರೆಗೂ ಪರದೆಯಿಂದಾಚೆ ತಲೆ ಹಾಕಬೇಡ ತಾಯಿ ಅಂತ ಜರ್ಮನಿಯವಳಿಗೆ ಕೈಮುಗಿದರು.

ಬಣ್ಣದವನು ಬಳಿದ ಬಿಳುಪಿಗೆ ಹೆತ್ತ ತಾಯಿಗೂ ನನ್ನ ಗುರುತು ಸಿಗುವಂತಿರಲಿಲ್ಲ. ಮೊದಲ ಸಾಲನ್ನು ಮಾತ್ರ ತಗ್ಗಿದ ದನಿಯಲ್ಲಿ ಹೇಳಿದೆ. ಆಮೇಲೆ ಹಾಡಿದೆ ನೋಡಿ, ಅಯ್ಯೋ, ಆ ಸಂತೋಷವನ್ನು ಏನಂತ ಹೇಳಲಿ! ಜನ ಒನ್ಸ್ ಮೋರ್ ಅಂದರು, ಮತ್ತೆ ಹಾಡಿದೆ. ಮೂರೇ ತಿಂಗಳಲ್ಲಿ ಈ ಫಾರಿನ್ ಹುಡುಗಿ ಎಂಥಾ ಕನ್ನಡ ಕಲ್ತವಳೆ, ನಮ್ಮ ಮಕ್ಕಳ ಬಾಯಲ್ಲಿ ಹಿಂಗೆ ಬರುತ್ತಾ ಅಂತ ಮುಂದೆ ಕೂತವರು ಯಾರೋ ಅಂದದ್ದು ನನಗೂ ಕೇಳಿಸಿತು.

ನಾಟಕ ಮುಗಿದ ಮೇಲೆ ಮುಖ್ಯ ಅತಿಥಿಗಳು ರಂಗಕ್ಕೆ ಬಂದು ನನಗೆ ಶಾಲು ಹೊದಿಸಿದರು. ಭಾಷೆ ಕಲಿತರೆ ಹೀಗೆ ಕಲಿಯಬೇಕು ಅಂತ ಮೈಕಿನಲ್ಲಿ ಹೊಗಳಿ, ನಮ್ಮ ಅಜ್ಜಂಪುರ ನಿನಗೆ ಹೇಗನ್ನಿಸಿತು ಅಂತ ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ಕೇಳಿದರು. ಅವರ ಬೆನ್ನಹಿಂದೆ ಅಪ್ಪ ಕಣ್ಣಲ್ಲೇ ಬೇಡ ಬೇಡ ಅನ್ನುತ್ತಿದ್ದರು. ನನಗೆ ರೇಗಿಹೋಯಿತು. ಮೈಕು ಹಿಡಿದೆ.

"ನಾನು ಇದೇ ಊರೋಳು ಸ್ವಾಮಿ. ಇಲ್ಲಿ ನಿಂತಿದಾರಲ್ಲ, ಇವ್ರ ಮಗಳು."

ಅತಿಥಿಗಳ ಕಣ್ಣಲ್ಲಿ ನೀರು ಬಂತು. ಇಷ್ಟು ಬೇಗ ಈ ಊರಿನವಳೇ ಆಗಿಬಿಟ್ಟೆಯಲ್ಲ ತಾಯಿ ಅಂತ ನನ್ನ ತಲೆ ಸವರಿದರು. ಜನರೆಲ್ಲ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ನಮ್ಮಪ್ಪ.