ರುದ್ರಕ್ಕನಿಗೆ ನಾವ್ಯಾರೂ ನೆಂಟರಲ್ಲ

ಗುಬ್ಬಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರುದ್ರಕ್ಕನ ಟೈಲರ್ ಅಂಗಡಿಯಿತ್ತು. ಅಲ್ಲಿ ದೇವರ ಪಟದ ಪಕ್ಕದಲ್ಲೇ ವೃತ್ತಿ ತೆರಿಗೆಯ ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ಕೂತಿತ್ತು. ಶುಕ್ರವಾರದ ಊದುಬತ್ತಿ ಅದಕ್ಕೂ ಒಂದು ಸುತ್ತು. ಯಾರಾದರೂ ನಕ್ಕರೆ, ದೇವರು ನನ್ನ ಹೆಸರು ಬರೆದುಕೊಂಡಿದ್ದಾನೋ ಇಲ್ಲವೋ, ಸರ್ಕಾರವಂತೂ ಬರೆದುಕೊಂಡಿದೆ ಎನ್ನುತ್ತಿದ್ದಳು.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಎಪ್ಪತ್ತರ ದಶಕದ ಕೊನೆ, ಆ ತೆರಿಗೆ ಆಗಿನ್ನೂ ಹೊಸದು. ಸ್ವಂತ ಕಸುಬಿನವರು ತಮ್ಮ ಪಾಲಿನದನ್ನು ತಾವೇ ಕಟ್ಟಬೇಕು. ಕೆಲಸಕ್ಕೆ ಜನ ಇಟ್ಟುಕೊಂಡು ಅವರ ಸಂಬಳ ಮಿತಿ ದಾಟಿದ್ದರೆ, ಅವರದನ್ನೂ ಅದರಲ್ಲೇ ಮುರಿದುಕೊಂಡು ಬೇರೆಯಾಗಿ ಕಟ್ಟಬೇಕು. ಒಂದೇ ವಾರದಲ್ಲಿ ಓಣಿಯ ಅಂಗಡಿಗಳಲ್ಲೆಲ್ಲ ಕೆಲಸದವರು ಮಾಯವಾಗಿ ಸೋದರಳಿಯಂದಿರು ಹುಟ್ಟಿಕೊಂಡರು. ನಮ್ಮಲ್ಲೂ ನಾಲ್ವರು ಹೆಂಗಸರು ಹೊಲಿಯುತ್ತಿದ್ದೆವು. ಕೇಳಿದರೆ ರುದ್ರಕ್ಕನ ತಂಗಿ ಎನ್ನಲು ನಾನು ತಯಾರಾಗಿಯೇ ಇದ್ದೆ.

ತುಮಕೂರಿನಿಂದ ಬಂದ ಇನ್ಸ್‌ಪೆಕ್ಟರು, ಬಾಗಿಲಲ್ಲಿ ಪೇಪರ್ ಓದುತ್ತಿದ್ದ ಅವಳ ಗಂಡನ ಹೆಸರು ಕೇಳಿದರು. ರುದ್ರಕ್ಕ ಮೆಷಿನ್ನು ನಿಲ್ಲಿಸಿದಳು.

“ಅವ್ರಿಗೆ ಗುಂಡಿ ಹಾಕಕ್ಕೂ ಬರಲ್ಲ ಸ್ವಾಮಿ. ಕಸುಬು ನಂದು, ತೆರಿಗೆನೂ ನಂದೇ. ನನ್ ಹೆಸ್ರು ಬರ್ಕಳಿ.”

ಗಂಡಸಿರುವಾಗ ಹೆಂಗಸಿನ ಹೆಸರೇಕೆ ಎಂದು ಅವರು ರಾಗ ಎಳೆದರು. ಬರೆದುಕೊಳ್ಳುವವರೆಗೆ ಅವಳು ಕದಲಲಿಲ್ಲ. ಈ ಹೆಣ್ಣುಮಕ್ಕಳು ನಿಮ್ಮ ಕಡೆಯವರೇ ತಾನೆ ಎಂದು ಅವರೇ ದಾರಿ ತೋರಿಸಿದರು.

“ಯಾರೂ ನೆಂಟ್ರಲ್ಲ. ಸಂಬ್ಳಕ್ಕಿರೋರು. ನಾಲ್ಕು ಹೆಸ್ರೂ ಬರೀರಿ.”

ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ವರ್ಷ ಬಾಯ್ತುಂಬ ಅಕ್ಕ ಎಂದದ್ದಕ್ಕೆ ಇದು ಉಡುಗೊರೆ, ಮೇಲೆ ಸಂಬಳದಲ್ಲಿ ಕಡಿತ ಬೇರೆ. ವಾರವಿಡೀ ಮಾತು ಬಿಟ್ಟೆ. ಕೊನೆಗೆ ಅವಳೇ ಕತ್ತರಿ ಕೆಳಗಿಟ್ಟು ಹೇಳಿದಳು: “ನೆಂಟ್ರಿಗಾದ್ರೆ ಊಟ ಹಾಕಿ ಕಳಿಸ್ಬೋದು ಕಣೇ. ಕೆಲಸ್ದೋರಿಗೆ ಸಂಬ್ಳ ಕೊಡ್ಲೇಬೇಕು.”

ಅದು ನನಗೆ ಅರ್ಥವಾಗಲು ಕೆಲವು ವರ್ಷವೇ ಬೇಕಾಯಿತು. ನನ್ನ ಗಂಡ ತೀರಿಕೊಂಡ ಮೇಲೆ ಮೈದುನ, ನನ್ನ ಮಗಳನ್ನು ತನ್ನ ವಶಕ್ಕೆ ಕೊಡಿಸಬೇಕೆಂದು ತುಮಕೂರಿನ ಕೋರ್ಟಿಗೆ ಹೋದ. ಇವಳಿಗೆ ದುಡಿಮೆಯಿಲ್ಲ, ಯಾರದೋ ಹಂಗಿನಲ್ಲಿದ್ದಾಳೆ ಎನ್ನುವುದು ಅವನ ವಾದ. ರುದ್ರಕ್ಕ ಸಂಬಳದ ರಿಜಿಸ್ಟರನ್ನೂ ತೆರಿಗೆಯ ಚಲನ್‌ಗಳನ್ನೂ ಲಂಗದ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಸಾಕ್ಷಿಗೆ ಬಂದಳು. ಈಕೆ ನಿಮಗೇನಾಗಬೇಕು ಎಂದು ಎದುರು ವಕೀಲರು ಕೆಣಕಿದರು.

“ಏನೂ ಆಗ್ಬೇಕಿಲ್ಲ. ದುಡೀತಾಳೆ, ಸಂಬ್ಳ ಕೊಡ್ತೀನಿ. ಇದ್ರಲ್ಲೈತೆ, ನೋಡ್ಕಳಿ.”

ಮಗಳು ನನ್ನಲ್ಲೇ ಉಳಿದಳು. ಕೋರ್ಟಿನ ಮೆಟ್ಟಿಲ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ರುದ್ರಕ್ಕ ಮಾತ್ರ ಗುಬ್ಬಿ ಬಸ್ಸಿಗೆ ಹೊತ್ತಾಯಿತೆಂದು ಗದರಿದಳು.

ಅವಳನ್ನು ಕೊನೆಯ ಸಲ ನೋಡಿದ್ದು ಕುಣಿಗಲ್‌ನಲ್ಲಿ, ಅವಳ ಮಗಳ ಮನೆಯಲ್ಲಿ. ಕಣ್ಣು ಮಂಜಾಗಿ ಅಂಗಡಿ ಮುಚ್ಚಿ ವರ್ಷವಾಗಿತ್ತು. ಪಕ್ಕದ ಮನೆಯಾಕೆ ಬಂದವಳು ನನ್ನನ್ನು ನೋಡಿ ಇವರು ಯಾರು ಎಂದು ಕೇಳಿದಳು. ರುದ್ರಕ್ಕ ತಡಕಾಡಿ ನನ್ನ ಕೈ ಹಿಡಿದುಕೊಂಡಳು.

“ಅಂಗ್ಡಿ ಮುಚ್ಚಾಯ್ತು, ಇನ್ನು ಹೇಳ್ಬೋದು. ನನ್ ತಂಗಿ ಕಣಮ್ಮ.”