ಬಿಟ್ಟಾಯಿತು ಎನ್ನಿಸಿಕೊಂಡ ನೀರು

ಊರಿಗೆಲ್ಲ ಅವನು ವಾಲ್ವಣ್ಣ. ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀ ಹೆಗಲಿಗೇರಿಸಿಕೊಂಡು ಬೀದಿಬೀದಿಗೆ ನೀರು ಬಿಡುವುದು, ನಿಲ್ಲಿಸುವುದು ಅವನ ಕೆಲಸ. ನಿಲ್ಲಿಸುವ ಮುನ್ನ ಪೈಪಿಗೆ ಟಣಟಣ ಬಾರಿಸುತ್ತಿದ್ದ; ಸದ್ದು ಕೇಳಿದವರು ಕೊನೆಯ ಕೊಡ ಹಿಡಿದು ಓಡುತ್ತಿದ್ದರು.

ಮೊದಲು ನೀರಿನ ಆಫೀಸಿನಲ್ಲಿ ಫೋನಿನ ಮುಂದೆ ಒಬ್ಬ ಅಕ್ಕ ಕೂರುತ್ತಿದ್ದಳು. ಬಾಯಿ ಜೋರು. ಆದರೆ ಯಾರ ಮನೆಯಲ್ಲಿ ಕಾಯಿಲೆಯವರಿದ್ದಾರೆ, ಯಾರಿಗೆ ಬರೀ ಕಾರು ತೊಳೆಯುವ ಚಪಲ ಎಂಬುದೆಲ್ಲ ಅವಳಿಗೆ ಗೊತ್ತು. "ನಿಮಗೆ ಮೊನ್ನೆ ತಾನೇ ಬಂದಿದೆ, ಸುಮ್ನಿರಿ" ಎಂದು ಗದರಿಸಿ, ನಿಜವಾಗಿ ಬೇಕಾದವರ ಮಾತನ್ನಷ್ಟೇ ಇವನ ಕಿವಿಗೆ ಹಾಕುತ್ತಿದ್ದಳು. ಏರಿನ ಬೀದಿಯಲ್ಲಿರುವ ಇವನ ಮಗಳಿಗೆ ಹೆರಿಗೆಯಾದಾಗ, ಕೆಳಗಿನ ಬೀದಿಗಳ ವಾಲ್ವುಗಳನ್ನೆಲ್ಲ ಮುಚ್ಚಿಸಿ ಮೇಲಕ್ಕೆ ನೀರು ಹತ್ತಿಸಿದವಳೂ ಅವಳೇ.

ಈಗ ಆ ಕುರ್ಚಿ ಖಾಲಿ. ಫೋನಿಗೆ ಉತ್ತರಿಸಲು ಕೃತಕ ಬುದ್ಧಿಮತ್ತೆಯ ಯಂತ್ರ ಬಂದಿದೆ. ಅದು ಯಾರನ್ನೂ ಗದರುವುದಿಲ್ಲ, ಯಾರಿಗೂ ಇಲ್ಲ ಅನ್ನುವುದಿಲ್ಲ. "ಒಂದು ಗಂಟೆಯಲ್ಲಿ ನೀರು ಬರುತ್ತೆ" ಎಂದು ಎಲ್ಲರಿಗೂ ಬೆಣ್ಣೆಯಂಥ ದನಿಯಲ್ಲಿ ಮಾತು ಕೊಡುತ್ತದೆ. ಮಾತು ಅದರದು, ಓಟ ಇವನದು.

ಆಫೀಸಿನ ಸಾಹೇಬರು ಹಿರಿಹಿರಿ ಹಿಗ್ಗಿದರು. "ದೂರು ಕೊಟ್ಟ ಕ್ಷಣಕ್ಕೇ ನಿನ್ನ ಮೊಬೈಲಿಗೆ ತಲುಪುತ್ತೆ ಕಣಯ್ಯಾ! ಹೀಗೇ ಆದ್ರೆ ಇಡೀ ದೇಶದ ಜನರ ಬದುಕೇ ಹಸನಾಗುತ್ತೆ."

"ಟ್ಯಾಂಕು ಅದೇ ಅಲ್ವಾ ಸಾರ್?" ಎಂದ ವಾಲ್ವಣ್ಣ.

"ಎಲ್ಲದಕ್ಕೂ ಕೊಂಕು ತೆಗೀತೀಯಲ್ಲಯ್ಯಾ" ಎಂದು ಅವರು ನಕ್ಕರು.

ನಗಲಿ, ಅವರದೇನು ಹೋಗುತ್ತೆ? ಇವನ ಜೇಬಿನ ಮೊಬೈಲಿಗೆ ಬಿಡುವೇ ಇಲ್ಲ. ಈ ಬೀದಿಗೆ ಬಿಟ್ಟರೆ ಆ ಬೀದಿಗೆ ನಿಲ್ಲುತ್ತದೆ. ತಡವಾದರೆ ಸಂಬಳಕ್ಕೆ ಕತ್ತರಿ. ಪೈಪು ಬಾರಿಸಲೂ ಪುರುಸೊತ್ತಿಲ್ಲ. ಅರ್ಧ ತುಂಬಿದ ಕೊಡದ ಮುಂದೆ ನಿಂತು ಜನ ಅವನ ವಂಶವನ್ನೆಲ್ಲ ಜಾಲಾಡುತ್ತಾರೆ. ಸಾಕುಸಾಕಾಗಿ ಕೊನೆಗೆ ಅವನೊಂದು ಉಪಾಯ ಕಂಡುಕೊಂಡ: ದೂರು ಬಂದ ಕೂಡಲೇ, ಓದದೆಯೇ, ಮೊಬೈಲಿನಲ್ಲಿ 'ನೀರು ಬಿಟ್ಟಾಯಿತು' ಎಂದು ಒತ್ತಿಬಿಡುವುದು. ಯಂತ್ರ ತೆಪ್ಪಗಾಯಿತು. ಬಾಕಿ ದೂರು ಒಂದೂ ಇಲ್ಲವೆಂದು ಸಾಹೇಬರಿಗೆ ಬಡ್ತಿಯೂ ಬಂತು.

ಒಂದು ಮಧ್ಯಾಹ್ನ ಮಗಳ ಫೋನು ಬಂತು.

"ಅಪ್ಪಾ, ಮಗು ಬಟ್ಟೆ ರಾಶಿ ಬಿದ್ದಿದೆ. ಕೈ ತೊಳೆಯೋಕೂ ನೀರಿಲ್ಲ. ನಿಂಗೆ ಯಾಕೆ ತೊಂದ್ರೆ ಅಂತ ಆಫೀಸಿಗೇ ದೂರು ಕೊಟ್ಟೆ. ಕೊಟ್ಟಾಗೆಲ್ಲ 'ಬಿಟ್ಟಾಯಿತು' ಅನ್ನುತ್ತೆ. ಯಾರು ಹಾಗೆ ಒತ್ತೋದು ಅಂತ ಸ್ವಲ್ಪ ವಿಚಾರಿಸಪ್ಪಾ."

ವಾಲ್ವಣ್ಣ ಏರಿನ ಕಡೆ ನೋಡಿದ. ಏರಿಗೆ ನೀರು ಹತ್ತಬೇಕಾದರೆ ಕೆಳಗಿನದನ್ನೆಲ್ಲ ಮುಚ್ಚಬೇಕು. ಮುಚ್ಚಿದರೆ ಊರೆಲ್ಲ ದೂರು.

"ವಿಚಾರಿಸ್ತೀನಮ್ಮಾ" ಎಂದ.

ಫೋನು ಇಡುತ್ತಿದ್ದಂತೆಯೇ ಹೊಸ ದೂರೊಂದು ಬಂತು. ಯಾವ ಬೀದಿಯದೆಂದು ನೋಡಲು ಧೈರ್ಯ ಸಾಲದೆ, ಒತ್ತಿದ.