ಸುಲ್ತಾನನನ್ನು ನೋಡಿಕೊಂಡ ನಮ್ಮಪ್ಪ

ನಮ್ಮಪ್ಪ ಐಸಾಮ್ ಕೋಲ್ಬರ್ಟ್ ಎಪ್ಪತ್ತೇಳು ವರ್ಷ ಬದುಕಿದ. ಅದರಲ್ಲಿ ಹತ್ತೊಂಬತ್ತು ವರ್ಷ ಒಂದೇ ಕುದುರೆಯ ಚಾಕರಿಯಲ್ಲಿ ಹೋಯಿತು. ಆ ಕುದುರೆಯ ಹೆಸರು ವರ್ಜೀನಿಯಾದಲ್ಲಿ ಅಕ್ಷರ ಬಾರದವರಿಗೂ ಗೊತ್ತು. ಅದೇ ಸುಲ್ತಾನ್, ದಕ್ಷಿಣದ ಸೈನ್ಯದ ಜನರಲ್ ಲೂಷಸ್ ವೆದರ್‌ಬಿಯವರ ಬೂದು ಕುದುರೆ. ಉತ್ತರ, ದಕ್ಷಿಣ ರಾಜ್ಯಗಳ ಯುದ್ಧದಲ್ಲಿ ಉತ್ತರದವರು ಆಚೆ ದಡದಿಂದ ಗುಂಡು ಹಾರಿಸುತ್ತಿದ್ದರೂ ಜನರಲ್ಲರನ್ನು ಹೊತ್ತು ಒಂದೇ ದಿನ ಮೂರು ಸಲ ಹೊಳೆ ದಾಟಿದ್ದು ಅದೇ. ಬಿಳಿಯರ ಮಕ್ಕಳು ಶಾಲೆಯಲ್ಲಿ ಅದರ ಪಾಠವನ್ನು ಬಾಯಿಪಾಠ ಮಾಡುತ್ತಾರೆ. ಅವರು ಬಳಸಿ ಬಿಟ್ಟ ಪುಸ್ತಕಗಳೇ ನಮ್ಮ ಕರಿಯರ ಶಾಲೆಗೆ ಬರುವುದು. ನಾನು ಅಲ್ಲಿ ಟೀಚರು. ಆ ಪಾಠ ಬಂದಾಗ ಹಾಳೆ ಮಗುಚಿ ಮುಂದಿನದಕ್ಕೆ ಹೋಗುತ್ತೇನೆ.

ಸುಲ್ತಾನ್ ಬಂದದ್ದು 1857ರಲ್ಲಿ, ತಂಬಾಕಿನ ಸಸಿ ನೆಡುವ ಕಾಲದಲ್ಲಿ. ವೆದರ್‌ಬಿ ಆಗಿನ್ನೂ ಜನರಲ್ ಅಲ್ಲ, ದೊಡ್ಡ ಜಮೀನುದಾರ. ಅಪ್ಪನೂ ಅವನ ಮೊದಲ ಹೆಂಡತಿ ಡೆಲ್ಫಿಯೂ ಅವರ ಗುಲಾಮರು, ಆ ಜಮೀನಿನ ಜೊತೆಗೇ ಅವರ ಆಸ್ತಿ. ಅಪ್ಪನಿಗೆ ಇಪ್ಪತ್ತೈದು, ಡೆಲ್ಫಿಗೆ ಇಪ್ಪತ್ತೊಂದು. ಮದುವೆಯಾಗಿ ಎರಡು ವರ್ಷವಾಗಿತ್ತು. ರಿಚ್ಮಂಡಿನಲ್ಲಿರುವ ನೆಂಟರ ಮನೆಯಲ್ಲಿ ಬಾಣಂತಿಗೆ ಸಹಾಯ ಬೇಕಂತೆ, ಡೆಲ್ಫಿ ಒಂದು ತಿಂಗಳು ಅಲ್ಲಿದ್ದು ಬರಲಿ ಎಂದರು ದಣಿ. ಹೇಗೂ ಕುದುರೆ ತರಲು ಹೋಗಬೇಕಲ್ಲ, ಒಂದೇ ಗಾಡಿಯಲ್ಲಿ ಹೋದರಾಯಿತು ಎಂದರು. ಗಾಡಿ ಹೊಡೆದವನು ಅಪ್ಪನೇ. ದಾರಿಯುದ್ದಕ್ಕೂ ಡೆಲ್ಫಿ ಹಿಂದೆ ಕೂತು, ತಾನಿಲ್ಲದಾಗ ಕೋಳಿಗಳಿಗೆ ಯಾರು ಕಾಳು ಹಾಕಬೇಕು, ಯಾವ ಕೋಳಿ ಮೊಟ್ಟೆಯನ್ನು ಎಲ್ಲಿ ಬಚ್ಚಿಡುತ್ತದೆ ಎಂದು ಹೇಳುತ್ತಲೇ ಇದ್ದಳಂತೆ.

ರಿಚ್ಮಂಡ್ ತಲುಪಿದ ಮೇಲೆ ದಣಿ ಅವಳನ್ನು ಕರೆದುಕೊಂಡು ಒಂದು ಕಡೆ ಹೋದರು. ಅಪ್ಪನಿಗೆ ಲಾಯದ ಹತ್ತಿರ ಕಾಯಲು ಹೇಳಿದ್ದರು. ಮಧ್ಯಾಹ್ನದ ಮೇಲೆ ಬಂದವರು ಒಬ್ಬರೇ. ನಾಲ್ಕು ವರ್ಷದ ಬೂದು ಕುದುರೆಯ ಹಗ್ಗವನ್ನು ಅಪ್ಪನ ಕೈಗಿಟ್ಟರು.

"ಡೆಲ್ಫಿ ಇನ್ನು ಬರಲ್ಲ ಕಣೋ," ಎಂದರು. "ಅವಳನ್ನ ಕೊಟ್ಟೇ ಇವನನ್ನ ತಂದಿದ್ದು. ಅದಕ್ಕೇ ಇವನನ್ನ ನಿನ್ನ ಕೈಗೆ ಒಪ್ಪಿಸ್ತಿದೀನಿ. ಬೇರೆ ಯಾರೂ ಮುಟ್ಟಕೂಡದು."

ಉಪಕಾರ ಮಾಡಿದವರ ಹಾಗೆ ಹೇಳಿದರಂತೆ. ಅದನ್ನು ನೆನೆಸಿಕೊಂಡಾಗಲೆಲ್ಲ ಅಪ್ಪನ ದನಿ ಕೆಳಗಿಳಿಯುತ್ತಿತ್ತು.

ಮೊದಮೊದಲು ಅಪ್ಪನಿಗೆ ಆ ಕುದುರೆಯನ್ನು ಕೊಂದುಬಿಡಬೇಕು ಅನ್ನಿಸಿತ್ತು. ಗೊರಸಿನ ಮೆತ್ತಗಿನ ಜಾಗಕ್ಕೆ ಒಂದು ಮೊಳೆ ಹೊಡೆದರೆ ಸಾಕು, ಕೀವಾಗಿ ತಾನೇ ಸಾಯುತ್ತದೆ. ಒಂದು ದಿನ ಮೊಳೆ ಹಿಡಿದು, ಅದರ ಕಾಲೆತ್ತಿ ತೊಡೆಯ ಮೇಲೆ ಇಟ್ಟುಕೊಂಡೂ ಇದ್ದ. ಕುದುರೆ ನಂಬಿ ಮೈಭಾರ ಬಿಟ್ಟು ನಿಂತಿತ್ತು. ಅಪ್ಪನ ಕೈ ಏಳಲಿಲ್ಲ. "ಅದಕ್ಕೇನು ಗೊತ್ತು ಪಾಪ, ಅದನ್ನೂ ಮಾರಿದ್ದೇ ಅಲ್ವಾ," ಎನ್ನುತ್ತಿದ್ದ.

ಯುದ್ಧ ಬಂತು. ನಾಲ್ಕು ವರ್ಷ ಅಪ್ಪ ಜನರಲ್ಲರ ಡೇರೆಯ ಹಿಂದೆ ಸುಲ್ತಾನನ ಪಕ್ಕದಲ್ಲೇ ಮಲಗಿದ. ಉತ್ತರದವರ ಪಾಳೆಯ ಒಂದೊಂದು ಸಲ ಎರಡು ಮೈಲಿಯೂ ಇರುತ್ತಿರಲಿಲ್ಲ. ಜೊತೆಯ ಆಳುಗಳು ಒಬ್ಬೊಬ್ಬರೇ ಅಲ್ಲಿಗೆ ಓಡಿಹೋಗಿ ಸ್ವತಂತ್ರರಾದರು. ಅಪ್ಪ ಓಡಲಿಲ್ಲ. ಬಿಳಿಯರು ಇದನ್ನೇ ಸ್ವಾಮಿಭಕ್ತಿ ಎಂದು ಬರೆದರು. ಡೆಲ್ಫಿಯನ್ನು ಕೊಂಡವನ ಹೆಸರು ಗೊತ್ತಿದ್ದವರು ಲೋಕದಲ್ಲಿ ಒಬ್ಬರೇ ಒಬ್ಬರು, ಜನರಲ್ಲರನ್ನು ಬಿಟ್ಟು ಹೋದರೆ ಆ ಹೆಸರೂ ಹೋಯಿತು. ಅದಕ್ಕೇ ಅಪ್ಪ ನಿಂತದ್ದು. ಕೇಳಲು ಧೈರ್ಯ ಬೇಕಾಗಿತ್ತು, ಹೊತ್ತೂ ಬರಬೇಕಾಗಿತ್ತು. ಯುದ್ಧ ಮುಗಿದು ಎಲ್ಲರೂ ಬಿಡುಗಡೆಯಾದ ಮೇಲೆ ಒಮ್ಮೆ ಕೇಳಿದ. ಕಾಗದ ಪತ್ರ ಹುಡುಕಿಸಿ ನೋಡ್ತೀನಿ ಎಂದರು ಜನರಲ್. ಆ ಮಾತು ನಂಬಿಕೊಂಡು ಸಂಬಳಕ್ಕೆ ಅಲ್ಲೇ ಉಳಿದ.

ನಮ್ಮಮ್ಮ ಹೆಸ್ಟರಳನ್ನು ಮದುವೆಯಾಗುವ ಮೊದಲೇ ಇದನ್ನೆಲ್ಲ ಹೇಳಿಕೊಂಡಿದ್ದ. ಅಮ್ಮ ಬೀನ್ಸ್ ಬಿಡಿಸುತ್ತ ಕೇಳಿ, ಕೊನೆಗೆ ಅಂದಳಂತೆ: "ಹುಡುಕೋದು ನಿಲ್ಲಿಸಬೇಡ. ಸಿಕ್ಕಿದ್ರೆ ಅವಳಿಗೂ ಒಂದು ತಟ್ಟೆ ಇಡ್ತೀನಿ. ನೀನು ಯಾರ ಪಕ್ಕ ಕೂರ್ತೀಯ ಅನ್ನೋದನ್ನ ಆಮೇಲೆ ನೋಡೋಣ."

ಸುಲ್ತಾನ್ 1876ರಲ್ಲಿ ಮುಪ್ಪಾಗಿ ಸತ್ತಿತು. ಅಪ್ಪ ಅತ್ತನಂತೆ, ಅದನ್ನು ಅವನು ಮುಚ್ಚಿಡಲಿಲ್ಲ. ಏಳು ವರ್ಷ ಕಳೆದು ಜನರಲ್ಲರೂ ಹಾಸಿಗೆ ಹಿಡಿದರು. ಅವರ ಮೈ ಒರೆಸಿ, ಮಗ್ಗುಲು ಹೊರಳಿಸುತ್ತಿದ್ದವನು ಅಪ್ಪನೇ. ನೋಡಲು ಬಂದ ಹಳೆಯ ಅಧಿಕಾರಿಯೊಬ್ಬರಿಗೆ ಜನರಲ್ ಸುಲ್ತಾನನ ತಾಯಿಯ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು, ಎಲ್ಲವನ್ನೂ ತಡವರಿಸದೆ ಹೇಳಿದರು. ಬಂದವರು ಹೋದ ಮೇಲೆ ಅಪ್ಪ ಮಂಚದ ಹತ್ತಿರ ಕುಕ್ಕರಗಾಲಲ್ಲಿ ಕೂತ.

"ದಣೀ, ಡೆಲ್ಫೀನ ಕೊಂಡ್ಕೊಂಡಿದ್ದು ಯಾರು?"

"ಯಾವ ಡೆಲ್ಫಿ?" ಎಂದರು ಜನರಲ್.

ಅಪ್ಪ ನೆನಪು ಮಾಡಿಕೊಟ್ಟ. ಅವರು ಯೋಚಿಸಿ ನೋಡಿದರು. ನೆನಪಿಲ್ಲ ಕಣೋ ಎಂದರು. ಸುಳ್ಳು ಹೇಳಲಿಲ್ಲ, ನಿಜಕ್ಕೂ ಮರೆತಿದ್ದರು ಎನ್ನುತ್ತಿದ್ದ ಅಪ್ಪ. ನಾಲ್ಕನೇ ದಿನ ತೀರಿಕೊಂಡರು.

ನಾನು ಅಕ್ಷರ ಕಲಿತ ಮೇಲೆ ಪ್ರತಿವರ್ಷ ಈಸ್ಟರ್ ಹೊತ್ತಿಗೆ ದಕ್ಷಿಣದ ಕರಿಯರ ಚರ್ಚುಗಳಿಗೆ ಕಾಗದ ಬರೆಯುವುದು ನನ್ನ ಕೆಲಸವಾಯಿತು. ಡೆಲ್ಫಿ ಎಂಬ ಹೆಂಗಸು, ವರ್ಜೀನಿಯಾದ ವೆದರ್‌ಬಿ ಜಮೀನಿನವಳು, ಎಡಗೆನ್ನೆಯ ಮೇಲೆ ಸುಟ್ಟ ಕಲೆ, ಕಂಡವರು ತಿಳಿಸಿ. ಪಾದ್ರಿಗಳು ಆರಾಧನೆ ಮುಗಿದ ಮೇಲೆ ಓದಿ ಹೇಳುತ್ತಿದ್ದರು. ಉತ್ತರ ಬರುತ್ತಿರಲಿಲ್ಲ. ಯಾವ ಊರಿನ ಚರ್ಚಿಗೆ ಬರೆದರೆ ಅವಳಿಗೆ ಮುಟ್ಟುತ್ತದೆ ಎಂದೇ ನಮಗೆ ಗೊತ್ತಿರಲಿಲ್ಲ.

1904ರಲ್ಲಿ ನ್ಯಾಯಾಲಯದ ಮುಂದೆ ಜನರಲ್ಲರ ಪ್ರತಿಮೆ ನಿಲ್ಲಿಸಿದರು, ಸುಲ್ತಾನನ ಮೇಲೆ ಕೂತ ಹಾಗೆ. ಅಪ್ಪನಿಗೆ ದಕ್ಷಿಣದ ಸೈನಿಕರ ಬೂದು ಬಣ್ಣದ ಹಳೇ ಸಮವಸ್ತ್ರ ಹಾಕಿಸಿ ವೇದಿಕೆಯ ಮೇಲೆ ನಿಲ್ಲಿಸಿದ್ದರು. ನಾನು, ಅಮ್ಮ ಕರಿಯರಿಗೆಂದು ಕಟ್ಟಿದ್ದ ಹಗ್ಗದ ಆಚೆ ನಮ್ಮವರ ಜೊತೆ ನಿಂತಿದ್ದೆವು. ಜನರಲ್ಲರ ಮಗಳು ಆಗಸ್ಟಾ ಅಮ್ಮಣ್ಣಿ, ಐಸಾಮ್ ಮಾಮ ಸುಲ್ತಾನನ ಬಗ್ಗೆ ಎರಡು ಮಾತು ಹೇಳಲಿ ಎಂದರು. ಬಿಳಿಯರು ವಯಸ್ಸಾದ ಕರಿಯರನ್ನೆಲ್ಲ ಮಾಮ ಅನ್ನುತ್ತಾರೆ, ಮಿಸ್ಟರ್ ಅನ್ನುವುದು ತಪ್ಪುತ್ತದಲ್ಲ.

ಅಪ್ಪ ಟೋಪಿ ತೆಗೆದ. "ಸುಲ್ತಾನ್ ಒಳ್ಳೆ ಕುದುರೆ. ಯಾರಿಗೂ ಒದ್ದವನಲ್ಲ. ಅವನನ್ನ ತಂದಿದ್ದು ನನ್ನ ಹೆಂಡ್ತೀನ ಮಾರಿ. ಅವಳ ಹೆಸರು ಡೆಲ್ಫಿ. ಇಷ್ಟು ವರ್ಷದಲ್ಲಿ ಆ ಹೆಸರನ್ನ ಯಾರೂ ಹೇಳಲಿಲ್ಲ, ಅದಕ್ಕೇ ಹೇಳ್ದೆ."

ಯಾರೋ ಕೈಸನ್ನೆ ಮಾಡಿದರು, ಬ್ಯಾಂಡು ಶುರುವಾಯಿತು. ಮುದುಕನಿಗೆ ದುಃಖ ಒತ್ತರಿಸಿ ಬಂದು ಮಾತು ಹೊರಡಲಿಲ್ಲ ಎಂದು ಪತ್ರಿಕೆಯಲ್ಲಿ ಬಂತು.

ಮುಂದಿನ ವಾರ ಆಗಸ್ಟಾ ಅಮ್ಮಣ್ಣಿ ತಾವೇ ನಮ್ಮ ಮನೆಗೆ ಬಂದರು. ಅಮ್ಮ ಕುರ್ಚಿ ಕೊಡಲಿಲ್ಲ. ಅವರು ಬಾಗಿಲಲ್ಲೇ ನಿಂತು ಕೈಚೀಲದಿಂದ ಒಂದು ಹಳದಿ ಕಾಗದ ತೆಗೆದು ಅಪ್ಪನಿಗೆ ಕೊಟ್ಟರು. ಅಪ್ಪ ಅದನ್ನು ನನಗೆ ಕೊಟ್ಟ. ಅದು ಆ ಮಾರಾಟದ ಪತ್ರ. ಕುದುರೆಯ ವಿವರದ ಕೆಳಗೇ ಡೆಲ್ಫಿಯದೂ ಇತ್ತು. ಕೊಂಡವನು ಮಿಸಿಸಿಪಿಯ ನ್ಯಾಚೆಜ್ ಊರಿನ ಒಬ್ಬ ಹತ್ತಿ ಬೆಳೆಗಾರ.

"ನಾನು ಅಪ್ಪಾಜಿಯ ಚರಿತ್ರೆ ಬರೀವಾಗ ಸಿಕ್ತು," ಎಂದರು.

ಯಾವಾಗ ಎಂದು ನಾನು ಕೇಳಿದೆ. ನನ್ನ ಮುಖ ನೋಡದೆ, ನಾಲ್ಕು ವರ್ಷವಾಯಿತು ಎಂದರು. ಪುಸ್ತಕದಲ್ಲಿ ಹಾಕುವುದು ಚೆನ್ನಾಗಿರುವುದಿಲ್ಲ ಅನ್ನಿಸಿತಂತೆ. ಹಾಕದೆ ಇದ್ದ ಮೇಲೆ ಕೊಡುವುದೂ ಕಷ್ಟವಾಯಿತಂತೆ. ಅಪ್ಪ ಬೈಯಲಿಲ್ಲ. "ಬಿಸಿಲಿದೆ, ಹೋಗಿ ಬನ್ನಿ ಅಮ್ಮಣ್ಣಿ," ಎಂದ.

ಅವತ್ತೇ ನ್ಯಾಚೆಜ್‌ನ ನಮ್ಮವರ ಚರ್ಚಿಗೆ ಬರೆದೆ. ಐದು ವಾರದಲ್ಲಿ ಪಾದ್ರಿಯ ಉತ್ತರ ಬಂತು. ಡೆಲ್ಫಿ ಅಲ್ಲೇ ಇದ್ದಳು. ಇನ್ನೊಬ್ಬನನ್ನು ಮದುವೆಯಾಗಿ, ವಿಧವೆಯಾಗಿ, ಚರ್ಚಿನ ಹಿಂದಿನ ಬೀದಿಯಲ್ಲಿ ಬಟ್ಟೆ ಒಗೆದು ಬದುಕಿದ್ದಳು. ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಹೊಸಬರು ಯಾರಾದರೂ ಊರಿಗೆ ಬಂದರೆ, ವರ್ಜೀನಿಯಾದಲ್ಲಿ ಕುದುರೆ ನೋಡಿಕೊಳ್ಳುವ ಐಸಾಮ್ ಗೊತ್ತೇ ಎಂದು ಕೇಳುವ ರೂಢಿ ಅವಳಿಗೆ ಕೊನೆಯವರೆಗೂ ಇತ್ತಂತೆ.

ನಾನು ಓದಿ ಮುಗಿಸಿದೆ. ಅಪ್ಪ ಮತ್ತೊಮ್ಮೆ ಓದಿಸಿದ. ಆಮೇಲೆ ಎದ್ದು ಹಿತ್ತಲಿಗೆ ಹೋದ. ನಾನು ಹಿಂದೆ ಹೊರಟರೆ ಅಮ್ಮ ತಡೆದಳು. "ಇರಲಿ ಬಿಡೆ. ಗಂಡಸು ಹೆಂಡ್ತಿಗೆ ಅಳ್ತಿದಾನೆ," ಎಂದಳು. ನಾವಿದ್ದದ್ದು ಮೂವರು, ಆ ದಿನ ಊಟಕ್ಕೆ ನಾಲ್ಕು ತಟ್ಟೆ ಇಟ್ಟಳು.

ಅದಾದ ಮೇಲೆ ಅಪ್ಪ ಐದು ವರ್ಷ ಇದ್ದ. ಹಳೇ ಸೈನಿಕರ ಕೂಟಕ್ಕೆ ಕರೆ ಬಂದರೂ ಹೋಗಲಿಲ್ಲ. ಸತ್ತಾಗ ಅವರು ಬಂದು, ಸಮವಸ್ತ್ರದಲ್ಲಿ ಸುಲ್ತಾನನ ಸಮಾಧಿಯ ಪಕ್ಕ ಮಣ್ಣು ಮಾಡುತ್ತೇವೆ, ಖರ್ಚೆಲ್ಲ ನಮ್ಮದು ಎಂದರು. ಅಮ್ಮ ಆಗಲ್ಲ ಎಂದಳು. ನಮ್ಮ ಚರ್ಚಿನ ಅಂಗಳದಲ್ಲಿ, ಭಾನುವಾರದ ಕೋಟಿನಲ್ಲೇ ಅವನನ್ನು ಇಟ್ಟೆವು. ಕಲ್ಲಿನ ಮೇಲೆ ಡೆಲ್ಫಿಯ ಗಂಡ, ಹೆಸ್ಟರಳ ಗಂಡ ಎಂದು ಕೊರೆಸಿದವಳು ಅಮ್ಮನೇ.

ಅವರು ಬಿಡಲಿಲ್ಲ. ಸುಲ್ತಾನನ ಪಕ್ಕದಲ್ಲಿ ತಮ್ಮದೇ ಒಂದು ಕಲ್ಲು ನೆಟ್ಟರು. ಅದರ ಮೇಲೆ ಅಪ್ಪನ ಹೆಸರಿದೆ, ನಂಬಿಗಸ್ತ ಸೇವಕ ಎಂದಿದೆ. ನೋಡಲು ಬರುವವರು ಟೋಪಿ ತೆಗೆದು ಹೂವಿಟ್ಟು ಹೋಗುತ್ತಾರೆ. ಅದರ ಕೆಳಗೆ ಯಾರೂ ಇಲ್ಲ.